ಬ್ರೇಕಪ್‌ಗೆ ಕುಸಿಯುವವರು, ಸೋಲಿಗೆ ಕುಸಿಯುವವರು
ಕೆಲಸ ಹೋದರೂ ತಡೆದುಕೊಳ್ಳುವ ಗೆಳೆಯ ಬ್ರೇಕಪ್ ಆದಾಗ ಕುಸಿದುಬಿಡ್ತಾನೆ. ಇನ್ನೊಬ್ಬಳದು ಉಲ್ಟಾ. ಯಾಕೆ ಹೀಗೆ?

ಅಮೆರಿಕದ ಮನೋವೈದ್ಯ ಆರನ್ ಬೆಕ್ 1983ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಕೆಲವರ ಆತ್ಮಗೌರವ ನಿಂತಿರೋದು ಸಂಬಂಧಗಳ ಮೇಲೆ; ಕೆಲವರದು ಸಾಧನೆ, ಸ್ವಾತಂತ್ರ್ಯದ ಮೇಲೆ. ಯಾವುದನ್ನು ನೆಚ್ಚಿಕೊಂಡಿದ್ದೇವೋ ಅದಕ್ಕೇ ಪೆಟ್ಟು ಬಿದ್ದಾಗ ಖಿನ್ನತೆಯ ಅಪಾಯ ಹೆಚ್ಚು ಎಂಬುದು ಅವರ ವಾದ. ಮನಶ್ಶಾಸ್ತ್ರಜ್ಞ ಸಿಡ್ನಿ ಬ್ಲಾಟ್ ಕೂಡ 1974ರಲ್ಲೇ ಇಂಥ ಎರಡು ದಾರಿ ಗುರುತಿಸಿದ್ದರು: ಅತಿಯಾದ ಅವಲಂಬನೆ ಮತ್ತು ತನ್ನನ್ನೇ ಹಳಿದುಕೊಳ್ಳುವುದು.

ಅಂದರೆ ಸ್ವಭಾವ ಅರ್ಧ ಕತೆ. ಮುಂದೂಡಿದ ನೇಮಕಾತಿ, ದಿಢೀರ್ ಲೇಆಫ್, ಜಾತಿಯ ಕಾರಣಕ್ಕೆ ಮುರಿದ ಪ್ರೀತಿ: ಈ ಪೆಟ್ಟುಗಳು ಬರೋದು ಹೊರಗಿನಿಂದ. 'ನೀನು ವೀಕು' ಅನ್ನುವವರು ಆ ಅರ್ಧವನ್ನು ಮರೆಮಾಚುತ್ತಾರೆ.

ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ: 14416.