ಎರೆಹೊಲದ ನಡುವಿನ ದೇವಾಲಯ ಚಕ್ರವರ್ತಿ

ಕೊಪ್ಪಳ ಬಿಟ್ಟು ಗದಗಿನ ಕಡೆ ಹೊರಟು ಬನ್ನಿಕೊಪ್ಪದ ಹತ್ತಿರ ಒಳದಾರಿ ಹಿಡಿದರೆ ಎರಡೂ ಬದಿಗೆ ಎರೆಹೊಲಗಳೇ. ಹಿಂಗಾರಿಯ ದಿನಗಳಲ್ಲಿ ಬಂದಿರೋ, ಹಾಲುದೆನೆ ಹೊತ್ತ ಬಿಳಿಜೋಳ, ಅದರ ಪಕ್ಕದಲ್ಲಿ ಕಾಯಿಗಟ್ಟುತ್ತಿರುವ ಕಡಲೆ, ಮುಂಜಾನೆಯ ಇಬ್ಬನಿಗೆ ಕಡಲೆ ಎಲೆಯಿಂದ ಏಳುವ ಹುಳಿ ವಾಸನೆ. ಬುತ್ತಿಗಂಟು ತಲೆಯ ಮೇಲಿಟ್ಟ ಹೆಣ್ಣುಮಕ್ಕಳು ಹೊಲದ ಬದುವಿನ ಮೇಲೆ ಸಾಲುಗಟ್ಟಿ ಹೊರಟಿರುತ್ತಾರೆ. ಊರು ಇನ್ನೇನು ಬಂತು ಎನ್ನುವಾಗ ಮಾಳಿಗೆ ಮನೆಗಳ ನಡುವಿನಿಂದ ಕಪ್ಪುಗಲ್ಲಿನ ಶಿಖರವೊಂದು ತಲೆ ಎತ್ತುತ್ತದೆ. ಅದೇ ಇಟಗಿಯ ಮಹಾದೇವ ದೇವಾಲಯ.

ಒಳಗೆ ಕಾಲಿಟ್ಟ ಕೂಡಲೇ ಗರ್ಭಗುಡಿಗೆ ಓಡಬೇಡಿ. ಮುಖಮಂಟಪದ ಕಕ್ಷಾಸನದ ಮೇಲೆ ತುಸು ಕೂತುಬಿಡಿ. ಕಸಬರಿಗೆಯ ಸದ್ದೊಂದು ಆ ತುದಿಯಿಂದ ಈ ತುದಿಗೆ ನಿಧಾನ ಸರಿದುಬರುತ್ತಿದೆ. ಗುಡಿಸುತ್ತಿರುವ ತಾಯಿ ಕಂಬದ ಬುಡಕ್ಕೆ ಬಂದಾಗ ಕಸಬರಿಗೆ ಬದಿಗಿಟ್ಟು, ಕೈಯಲ್ಲಿದ್ದ ಅರಿವೆಯಿಂದ ಪಾರಿವಾಳದ ಹಿಕ್ಕೆ ಒರೆಸುತ್ತಾಳೆ. ತೀರ ಹಗುರ ಕೈ. "ಅವಸರ ಮಾಡಬ್ಯಾಡ್ರಿ ಯಪ್ಪಾ, ಬಿಸಲು ಏರಿದಂಗ ಕಂಬ ಹೊಳಿತಾವ, ನೋಡ್ರಿ" ಎಂದವಳು ಮುಂದಿನ ಕಂಬಕ್ಕೆ ಹೋಗುತ್ತಾಳೆ.

ಅವಳು ಹೇಳಿದ್ದು ಖರೆ. ಪೂರ್ವಕ್ಕೆ ತೆರೆದ ಮಂಟಪ ಇದು. ಎಳೆಬಿಸಿಲು ನೇರ ಒಳಗೇ ಬರುತ್ತದೆ. ಮೊದಲು ಬೂದಿಬಣ್ಣದಲ್ಲಿ ಮಂಕಾಗಿ ನಿಂತಿದ್ದ ಕಂಬಗಳ ನಡು ಹೊಳೆಯತೊಡಗುತ್ತದೆ, ಆಮೇಲೆ ಒಂದರ ನೆರಳು ಇನ್ನೊಂದರ ಮೈಮೇಲೆ ಬೀಳುತ್ತದೆ. ಹತ್ತಿರ ಹೋಗಿ ಬೆರಳಿನಿಂದ ಒಂದು ಕಂಬವನ್ನು ಸುಮ್ಮನೆ ಸವರಿ: ಬಳೆ ಜೋಡಿಸಿಟ್ಟಂತೆ ಒಂದರ ಮೇಲೊಂದು ಏರುವ ಉಂಗುರಗಳು, ಒಂದೊಂದರ ಅಂಚೂ ಚೂಪು, ನಡುವಿನ ಗೀರುಗಳು ಎಲ್ಲಿಯೂ ಅಂಕುಡೊಂಕಾಗಿಲ್ಲ. ಇವು ತಿರುಗಣೆಗೆ ಹಾಕಿ ಕಡೆದ ಕಂಬಗಳು. ಆಳೆತ್ತರದ ಕಲ್ಲನ್ನು ತಿರುಗಿಸುತ್ತ, ಉಳಿಯನ್ನು ಅದಕ್ಕೆ ಆನಿಸಿ ಹಿಡಿದ ಆ ಕೈಗಳಿಗೆ ಎಂಥ ತಾಳ್ಮೆ ಇದ್ದಿರಬೇಕು! ಕಲ್ಲೂ ಅದಕ್ಕೆ ಒಗ್ಗುವಂಥದ್ದೇ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು ಉಳಿಯ ಮಾತು ಕೇಳುತ್ತದೆ, ಗಾಳಿಗೆ ಬಿದ್ದಂತೆಲ್ಲ ಗಟ್ಟಿಯಾಗುತ್ತದೆ. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲಿನಲ್ಲಿ ಇಷ್ಟು ಸಣ್ಣ ಕುಸುರಿ ಸಾಧ್ಯವಿರಲಿಲ್ಲ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಈ ಕಲ್ಲು ಬಳಕೆಗೆ ಬಂದದ್ದೇ ತಡ, ಶಿಲ್ಪಿಗಳ ಕೈಗೆ ಹೊಸ ಕುಣಿತ ಬಂತು.

ಕತ್ತೆತ್ತಿದರೆ ಭುವನೇಶ್ವರಿ, ಕೆತ್ತನೆ ತುಂಬಿದ ಒಳಮಾಳಿಗೆ. ಬಳ್ಳಿಯೊಳಗೆ ಬಳ್ಳಿ, ಸುರುಳಿಯೊಳಗೆ ಸುರುಳಿ. ಮಕರದ ಬಾಯಿಂದ ಹೊರಟ ಎಳೆಯೊಂದರ ಜಾಡು ಹಿಡಿದು ಹೋದರೆ ಕಣ್ಣು ದಾರಿ ತಪ್ಪುತ್ತದೆ. ಹೊರಗೋಡೆಯ ಕಿರುಶಿಖರಗಳನ್ನೂ ನವರಂಗದ ಬಾಗಿಲವಾಡಗಳನ್ನೂ ನೋಡುತ್ತ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರಿರುತ್ತದೆ.

ಇದನ್ನು ಕಟ್ಟಿಸಿದವನು ಅರಸನಲ್ಲ, ಅರಸನ ದಂಡನಾಯಕ. ಆರನೆಯ ವಿಕ್ರಮಾದಿತ್ಯನ ಸೇವೆಯಲ್ಲಿದ್ದ ಮಹಾದೇವ ಎಂಬವನು 1112ರಲ್ಲಿ ಇದನ್ನು ಕಟ್ಟಿಸಿದ. ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದೇ ಕರೆದಿದೆ. ನನಗೆ ಮಾತ್ರ ಈ ಬಿರುದಿಗಿಂತ ಹೆಚ್ಚು ಹಿಡಿಸುವ ಸಂಗತಿ ಬೇರೆಯೇ ಇದೆ. ಮಹಾದೇವ ಇಲ್ಲಿ ತನ್ನ ತಂದೆಯ ನೆನಪಿಗೆ ಮೂರ್ತಿನಾರಾಯಣ ಗುಡಿಯನ್ನೂ ತಾಯಿಯ ನೆನಪಿಗೆ ಚಂದ್ರಲೇಶ್ವರಿ ಗುಡಿಯನ್ನೂ ಕಟ್ಟಿಸಿದ. ದೊಡ್ಡ ಗುಡಿಯ ಸುತ್ತ ಲಿಂಗವುಳ್ಳ ಹದಿಮೂರು ಚಿಕ್ಕ ಗುಡಿಗಳಿದ್ದವು, ಮುಂದೊಂದು ಪುಷ್ಕರಣಿ. ದಂಡು ನಡೆಸುತ್ತಿದ್ದವನೊಬ್ಬ ಅವ್ವ-ಅಪ್ಪನನ್ನು ಊರ ನಡುವೆ ಹೀಗೆ ಉಳಿಸಿಕೊಂಡ.

ನಿಜಾಮನ ಸೀಮೆಗೆ ಸೇರಿದ್ದ ಈ ಮೂಲೆಯನ್ನು ಹುಡುಕಿಕೊಂಡು ಬಂದು ನೋಡಿದ ಪುರಾತತ್ವ ವಿದ್ವಾಂಸ ಹೆನ್ರಿ ಕಸೆನ್ಸ್, ಕನ್ನಡನಾಡಿನಲ್ಲಿ ಹಳೇಬೀಡನ್ನು ಬಿಟ್ಟರೆ ಇದಕ್ಕೇ ಮೊದಲ ಸ್ಥಾನ ಕೊಟ್ಟ. ಇವತ್ತು ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ. ಅದರಾಚೆಯ 200 ಮೀಟರ್ ಒಳಗೆ ಕಟ್ಟಬೇಕೆಂದರೆ ಅನುಮತಿ ಬೇಕು. ಗುಡಿಗೆ ತಾಗಿದಂತೆ ಊರು ಬೆಳೆದ ಕಡೆ ಈ ನಿಯಮ ಸಣ್ಣದಲ್ಲ. ಸೋರುವ ಮಾಳಿಗೆಯನ್ನು ರಿಪೇರಿ ಮಾಡಿಸುವುದಕ್ಕೂ ಅರ್ಜಿ ಹಿಡಿದು ನಿಲ್ಲಬೇಕು. ಆದರೂ ನಿಯಮ ಬೇಕು ಎಂದೇ ನನ್ನ ಮತ. ಶಿಖರಕ್ಕೆ ಅಡ್ಡವಾಗಿ ಸಿಮೆಂಟಿನ ಮಹಡಿಗಳು ಎದ್ದಮೇಲೆ ಈ ಬಿಸಿಲನ್ನು ಎಲ್ಲಿಂದ ತರುವುದು?

ಬೇಕಾದದ್ದು ಇನ್ನೊಂದಿದೆ. ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಚರ್ಚಿಗಷ್ಟೇ ಅಲ್ಲ, ಹಳೆಯ ಗಿರಣಿ, ಸೇತುವೆ, ಒಕ್ಕಲಿಗನ ಮನೆಗೂ ಎ, ಬಿ, ಸಿ ಎಂದು ದರ್ಜೆ ಕೊಟ್ಟು ಪಟ್ಟಿಗೆ ಸೇರಿಸುತ್ತಾರೆ. ನಮ್ಮಲ್ಲಿ ಗುಡಿಯ ಬೇಲಿ ದಾಟಿದರೆ ಮುಗಿಯಿತು. ದಪ್ಪ ಕಲ್ಲುಗೋಡೆ, ತೊಲೆ-ಜಂತಿ, ಮೇಲುಮುದ್ದೆಯ ಮಾಳಿಗೆ, ಬೆಳಕು ಇಳಿಬಿಡುವ ಗವಾಕ್ಷಿ, ದನಕ್ಕೂ ಮನುಷ್ಯರಿಗೂ ಒಂದೇ ಸೂರಿನ ಪಡಸಾಲೆ – ಬ್ಯಾಸಿಗಿಯಲ್ಲೂ ತಂಪಾಗಿರುವ ಇಂಥ ಮನೆಗಳು ಈ ಸೀಮೆಯಲ್ಲಿ ಒಂದೊಂದಾಗಿ ಕೆಡವಿಸಿಕೊಳ್ಳುತ್ತಿವೆ. ಅವನ್ನು ಯಾವ ಪಟ್ಟಿಯೂ ಕೇಳುತ್ತಿಲ್ಲ. ಕೆಡವುವ ಮೊದಲು ಒಂದೆರಡನ್ನಾದರೂ ಅಳತೆ ಮಾಡಿ, ನಕ್ಷೆ ಬರೆದು, ಫೋಟೊ ತೆಗೆದಿಡುವ ಕೆಲಸ ಕಾಲೇಜು ಹುಡುಗರಿಂದಲೂ ಆಗುವಂಥದ್ದು.

ಹಂಪಿಗೆಂದು ಹೊರಟವರು ಒಂದು ದಿನ ಈ ಕಡೆಗೂ ಇಟ್ಟುಕೊಳ್ಳಬೇಕು. ಮುಂಜಾನೆ ಇಟಗಿ, ಅಲ್ಲಿಂದ ಹತ್ತಿರದ ಕುಕನೂರು. ಅಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಯಲ್ಲಿ ಒಂಬತ್ತು ಗರ್ಭಗುಡಿಗಳಿವೆ. ಇಳಿಹೊತ್ತಿಗೆ ಲಕ್ಕುಂಡಿಯ ಕಾಶಿವಿಶ್ವೇಶ್ವರ. ಊಟದ ವ್ಯವಸ್ಥೆ ದೊಡ್ಡದೇನಿಲ್ಲ, ರೊಟ್ಟಿ-ಪಲ್ಯ ಕಟ್ಟಿಕೊಂಡು ಬರುವುದು ಚೊಲೊ.