ಯಂತ್ರ ಕರೆಯಲಿ, ಕೈ ನೋಡಲಿ

"ಹಾಲು ಕರೆಯುವ ಮಿಷನ್ ತಂದ ಮೇಲೆ ಕೆಚ್ಚಲು ಬಾವು ಜಾಸ್ತಿ ಆಯ್ತಲ್ಲ, ಡಾಕ್ಟ್ರೇ?" ಸಂಘಗಳ ಸಭೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸರಿಯಾಗಿ ಬಳಸಿದರೆ ಯಂತ್ರದಿಂದ ಬಾವು ಬರುವುದಿಲ್ಲ. ಆದರೆ ಕೈಯಲ್ಲಿ ಕರೆಯುವಾಗ ನೀವು ಅರಿವಿಲ್ಲದೆಯೇ ಮಾಡುತ್ತಿದ್ದ ಒಂದು ಕೆಲಸವನ್ನು ಯಂತ್ರ ಮಾಡುವುದಿಲ್ಲ. ಅದೇ ಕೆಚ್ಚಲಿನ ತಪಾಸಣೆ.

ಕೈಗೆ ತಿಳಿಯುವುದು

ದಿನಕ್ಕೆ ಎರಡು ಹೊತ್ತು ಕೆಚ್ಚಲು ಮುಟ್ಟುವ ಕೈಗೆ ಒಂದು ಭಾಗ ಬಿಸಿಯಾದರೂ, ಗಟ್ಟಿಯಾದರೂ ಕೂಡಲೇ ಗೊತ್ತಾಗುತ್ತದೆ. ಯಂತ್ರ ನಾಲ್ಕೂ ಮೊಲೆಗಳ ಹಾಲನ್ನು ಒಂದೇ ಕ್ಯಾನಿಗೆ ಎಳೆಯುತ್ತದೆ. ಒಂದು ಮೊಲೆಯ ಕೆಟ್ಟ ಹಾಲು ಉಳಿದದ್ದನ್ನೂ ಕೆಡಿಸುತ್ತದೆ.

ಆದ್ದರಿಂದ ಕಪ್ ಹಾಕುವ ಮೊದಲು ಪ್ರತಿ ಮೊಲೆಯಿಂದ 3–4 ಧಾರೆ ಕೈಯಲ್ಲಿ ಕರೆದು ಕಪ್ಪು ಬಣ್ಣದ ತಟ್ಟೆಯಲ್ಲಿ ನೋಡಿ. ಗಡ್ಡೆ, ನೀರು, ರಕ್ತ ಕಂಡರೆ ಆ ಹಸುವನ್ನು ಕೊನೆಯಲ್ಲಿ ಬೇರೆಯಾಗಿ ಕೈಯಲ್ಲೇ ಕರೆಯಿರಿ. ಆ ಹಾಲನ್ನು ನೆಲಕ್ಕೆ ಚೆಲ್ಲಬೇಡಿ, ಸಂಘಕ್ಕೂ ಹಾಕಬೇಡಿ.

ಈ ಸ್ಪರ್ಶದಿಂದಲೇ ಹಸು ಹಾಲು ಇಳಿಸುತ್ತದೆ. ಆ ಹಾರ್ಮೋನಿನ ಪರಿಣಾಮ ಇರುವುದು ಕೆಲವೇ ನಿಮಿಷ. ಮೊಲೆ ತೊಳೆದು, ಪ್ರತಿ ಹಸುವಿಗೂ ಬೇರೆ ಬಟ್ಟೆಯಿಂದ ಒರೆಸಿ, ಒಂದೂವರೆ ನಿಮಿಷದೊಳಗೆ ಕಪ್ ಹಾಕಿ.

ಯಂತ್ರ ಕರೆಯುವ ಬಗೆ

ಕರು ಚೀಪುತ್ತದೆ, ನುಂಗಲು ಒಂದು ಕ್ಷಣ ಬಿಡುತ್ತದೆ. ಯಂತ್ರದ್ದೂ ಅದೇ ರೀತಿ. ಕಪ್ಪಿನೊಳಗಿನ ರಬ್ಬರ್ ಲೈನರ್ ತೆರೆದಾಗ ಹಾಲು ಬರುತ್ತದೆ, ಮುಚ್ಚಿದಾಗ ಮೊಲೆಗೆ ವಿಶ್ರಾಂತಿ ಸಿಗುತ್ತದೆ, ರಕ್ತ ಹರಿಯುತ್ತದೆ. ಇದನ್ನು ಮಾಡಿಸುವುದು ಪಲ್ಸೇಟರ್, ನಿಮಿಷಕ್ಕೆ ಸುಮಾರು 60 ಸಲ. ಅಂದರೆ ಗಡಿಯಾರದ ಸೆಕೆಂಡ್ ಮುಳ್ಳಿನ ವೇಗ. ಆ ಟಕ್ ಟಕ್ ಸದ್ದಿಗೆ ಕಿವಿ ಕೊಡಿ. ಸದ್ದು ತಪ್ಪಿದರೆ ಮೊಲೆಗೆ ವಿಶ್ರಾಂತಿ ತಪ್ಪಿತೆಂದೇ ಅರ್ಥ.

ಹಾಲು ನಿಂತ ಮೇಲೂ ಕಪ್ ಬಿಟ್ಟರೆ ಮೊಲೆಯ ತುದಿಗೆ ಗಾಯವಾಗುತ್ತದೆ. ತೆಗೆಯುವಾಗ ಎಳೆಯಬೇಡಿ. ಮೊದಲು ನಿರ್ವಾತ ನಿಲ್ಲಿಸಿ, ಕಪ್ ತಾನೇ ಸಡಿಲವಾಗುತ್ತದೆ.

ರಬ್ಬರಿಗೂ ಆಯಸ್ಸಿದೆ

ರಬ್ಬರ್ ಲೈನರನ್ನು ಸುಮಾರು 2,500 ಕರೆಯುವಿಕೆಗೆ ಅಥವಾ 6 ತಿಂಗಳಿಗೆ, ಯಾವುದು ಮೊದಲೋ ಆಗ ಬದಲಿಸಬೇಕು. ಒಂದೇ ಜೊತೆ ಕಪ್‌ನಲ್ಲಿ 7 ಹಸುಗಳನ್ನು ಎರಡು ಹೊತ್ತು ಕರೆದರೆ ದಿನಕ್ಕೆ 14 ಆಯಿತು, ಆರು ತಿಂಗಳಲ್ಲೇ ಲೆಕ್ಕ ತುಂಬುತ್ತದೆ. ಎರಡೇ ಹಸು ಇದ್ದರೂ ಆರು ತಿಂಗಳು ದಾಟಿಸಬೇಡಿ. ಬಿರುಕು ಬಿಟ್ಟ ರಬ್ಬರಿನಲ್ಲಿ ರೋಗಾಣು ಮನೆ ಮಾಡುತ್ತದೆ, ತೊಳೆದರೂ ಹೋಗುವುದಿಲ್ಲ. ಹಾಕಿದ ದಿನಾಂಕವನ್ನು ಕೊಟ್ಟಿಗೆ ಗೋಡೆಯ ಮೇಲೆ ಬರೆದಿಡಿ.

ತೊಳೆಯುವಾಗ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಡೈರಿ ಸೋಪಿನ ಬಿಸಿನೀರು, ಕೊನೆಗೆ ಶುದ್ಧ ನೀರು. ಮೊದಲೇ ಕುದಿನೀರು ಹಾಕಿದರೆ ಹಾಲಿನ ಅಂಶ ಅಂಟಿಕೊಳ್ಳುತ್ತದೆ.

ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಮೊಲೆಯ ರಂಧ್ರ ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಲ್ಲಿಯವರೆಗೆ ಮಲಗದಂತೆ ಮೇವು ಹಾಕಿ.

ಮಣಿಕಟ್ಟು, ಬೆರಳು ನೋಯುವ ನಿಮಗೆ ಯಂತ್ರ ಬೇಕಾದದ್ದೇ. ಆದರೆ ಲೈನರ್ ಬದಲಿಸುವುದನ್ನು, ಪಲ್ಸೇಟರ್ ಬಿಚ್ಚಿ ಒರೆಸುವುದನ್ನು ಮಾರಾಟಗಾರರಿಂದ ನೀವೇ ಕಲಿತುಕೊಳ್ಳಿ, ಮನೆಯ ಗಂಡಸರಿಗೆ ಮಾತ್ರ ಬಿಡಬೇಡಿ. ಕೆಚ್ಚಲಲ್ಲಿ ವ್ಯತ್ಯಾಸ ಕಂಡರೆ ನಾಳೆಗೆ ಮುಂದೂಡದೆ ಅದೇ ಹೊತ್ತು ಪಶುವೈದ್ಯರಿಗೆ ತಿಳಿಸಿ.