ತುಂಬಿದ ಹೊಟ್ಟೆಯ ಹಸಿವು

ಪಾಠ ನಡೆದಿರುವಾಗಲೇ ಹುಡುಗಿಯೊಬ್ಬಳು ತಲೆ ತಿರುಗಿ ಬಿದ್ದಳು. ಬಳ್ಳಾರಿಯ ಕೊಳೆಗೇರಿಯವಳು, ಅಪ್ಪ ಅವ್ವ ಸಿರುಗುಪ್ಪ ಕಡೆಯಿಂದ ಕೂಲಿಗೆ ಬಂದವರು. 'ಏನ್ ಉಂಡು ಬಂದೀಯವ್ವಾ?' ಎಂದೆ. 'ಹೊಟ್ಟಿ ತುಂಬ ಅನ್ನ ಉಂಡೀನ್ರಿ ಸರ್.' ಜೊತೆಗೇನಿತ್ತು ಎಂದರೆ, 'ಖಾರ' ಎಂದಳು.

ದಲಿತ ಸಾಹಿತ್ಯ ಹಸಿವನ್ನು ಬಹುಮಟ್ಟಿಗೆ ಖಾಲಿ ಗಡಿಗೆಯಾಗಿ ಬರೆಯಿತು. ವಿಮರ್ಶೆಯೂ ಹಾಗೇ ಓದಿತು. ಆದರೆ ಇಂದಿನ ನಗರದ ಹಸಿವು ತುಂಬಿದ ಹೊಟ್ಟೆಯೊಳಗೇ ಕೂತಿದೆ. ಸರಕಾರ ಅದನ್ನು 'ಅಪೌಷ್ಟಿಕತೆ' ಎನ್ನುತ್ತದೆ. ಈ ಪದದಲ್ಲಿ ಕೊರತೆಯಿದೆ, ಕಸಿದುಕೊಂಡವರಿಲ್ಲ.

ಬಿಡಿಸಿ ನೋಡೋಣ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಸಿರುಗುಪ್ಪ, ಕುರುಗೋಡು ಸೀಮೆಯ ಎಷ್ಟೋ ಜೋಳ, ಸಜ್ಜೆ, ನವಣೆಯ ಹೊಲಗಳು ಭತ್ತದ ಗದ್ದೆಗಳಾದವು. ಭೂಮಿಯಿದ್ದವರ ಮನೆ ತುಂಬಿತು. ಕೇರಿಯವರು ನಾಟಿ ಹಚ್ಚಿದರು, ಮಿಲ್ಲುಗಳಲ್ಲಿ ಮೂಟೆ ಹೊತ್ತರು. ಅಕ್ಕಿಗೆ ಪಾಲಿಷ್ ಹೊಡೆದಾಗ ಬಿ ಜೀವಸತ್ವ, ಕಬ್ಬಿಣದ ಬಹುಪಾಲು ತೌಡಿನೊಂದಿಗೇ ಹೋಗುತ್ತದೆ. ತೌಡು ಎಣ್ಣೆ ಕಾರ್ಖಾನೆಗೆ, ದನಕ್ಕೆ. ಬೆಳ್ಳನೆಯ ಅಕ್ಕಿ ಬಡವರ ಗಂಗಾಳಕ್ಕೆ. 2013ರ ಅನ್ನಭಾಗ್ಯ ಅರೆಹೊಟ್ಟೆಯನ್ನು ತಪ್ಪಿಸಿತು; ಅದನ್ನು ಹಂಗಿಸುವವರ ಜೊತೆ ನಾನಿಲ್ಲ. ಆದರೆ ಮೊಟ್ಟೆ, ಹಾಲನ್ನು ಮನೆಯವರು ಬಹುಮಟ್ಟಿಗೆ ಕೊಂಡೇ ತಿನ್ನಬೇಕು. ಹಳ್ಳಿಯಲ್ಲಾದರೆ ಬದುವಿನ ಸೊಪ್ಪು, ಹಳ್ಳದ ಮೀನು ಪುಕ್ಕಟೆ ಸಿಗುತ್ತಿದ್ದವು. ಬಳ್ಳಾರಿಯಲ್ಲಿ ಪೀಸಿಗಿಷ್ಟು ಎಂದು ಜೀನ್ಸ್ ಹೊಲಿಯುವ ಹೆಣ್ಣುಮಗಳಿಗೆ ಸೊಪ್ಪಿಗೂ ರೊಕ್ಕ ಬೇಕು, ಬೇಯಿಸಲು ಹೊತ್ತೂ ಬೇಕು. ಮೇಲೆ ಕೊಳಕು ನೀರು: ಪದೇ ಪದೇ ಭೇದಿಯಾಗುವ ಕೂಸಿಗೆ ಉಂಡದ್ದೂ ಮೈಗೆ ಹತ್ತುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳು ದಾಟಿದವರಲ್ಲಿ ಶೇ. 65.5 ಮಕ್ಕಳು ರಕ್ತಹೀನರು.

ಇದು ಬಡತನವೊಂದರದೇ ಕತೆಯೆ? 2021ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಹೊರಟಾಗ ಕೆಲ ಮಠಾಧೀಶರು ಅಡ್ಡ ನಿಂತರು. 2020ರ ಗೋಹತ್ಯೆ ನಿಷೇಧ ಕಾಯ್ದೆ ಕೇರಿಯ ಅಗ್ಗದ ಮಾಂಸವನ್ನು ಮತ್ತಷ್ಟು ದೂರ ಮಾಡಿತು. ಬಡವರು ಏನು ಉಣ್ಣಬೇಕೆಂದು ಉಂಡವರು ತೀರ್ಮಾನಿಸುವುದೇ ಜಾತಿ. ಮಡಿ-ಮೈಲಿಗೆ ಈಗ ದೇವಸ್ಥಾನದ ಬಾಗಿಲಲ್ಲಷ್ಟೇ ಅಲ್ಲ, ಮಗುವಿನ ರಕ್ತದಲ್ಲೂ ಕೆಲಸ ಮಾಡುತ್ತದೆ. ಇದನ್ನು ಓದದ ವಿಮರ್ಶೆ ಅರ್ಧ ವಿಮರ್ಶೆ.

ಮುಂದಿನ ವಾರ ಆ ಹುಡುಗಿ ಮತ್ತೆ ತರಗತಿಗೆ ಬಂದಳು. 'ರಕ್ತ ಕಡಿಮಿ ಐತಂತ್ರಿ ಸರ್' ಎಂದಳು. ಎಷ್ಟು ಕಡಿಮೆ ಎಂಬುದನ್ನು ದವಾಖಾನೆ ಹೇಳುತ್ತದೆ. ಯಾಕೆ ಕಡಿಮೆ ಎಂಬುದನ್ನು ನಾವು ಹೇಳಬೇಕಾಗಿದೆ.